ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಆಗುತ್ತಾ? ಮೊದಲ ಬೈಕ್ ಕೊಳ್ಳುವ ಮುಂಚೆ ಇದನ್ನು ಓದಿ

"ಹೊಸಬರು ಮುಂದಿನ ಬ್ರೇಕ್ ಮುಟ್ಟಲೇಬಾರದು, ಗಾಡಿ ಪಲ್ಟಿ ಆಗುತ್ತೆ." "ಭಾರದ ಬೈಕ್ ರೋಡಿಗೆ ಗಟ್ಟಿಯಾಗಿ ಕೂರುತ್ತೆ, ಅದೇ ಸೇಫ್." "350 ಸಿಸಿವರೆಗೆ ಟ್ಯಾಕ್ಸ್ ಇಳಿದಿದೆ, ತಗೊಂಡ್ರೆ ದೊಡ್ಡದೇ ತಗೊಳ್ಳಿ."

ಮೊದಲ ಬೈಕ್ ಕೊಳ್ಳಲು ಹೊರಟವರ ಮೊಬೈಲ್‌ಗೆ ಇಂಥ ಸಲಹೆಗಳು ಬರುತ್ತಲೇ ಇರುತ್ತವೆ. ಇದರಲ್ಲಿ ತೆರಿಗೆಯ ಮಾತು ನಿಜ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಆದರೆ ಗಾಡಿಯ ತೂಕವೇನೂ ಇಳಿದಿಲ್ಲ. ಉಳಿದ ಎರಡು ಸಲಹೆಗಳನ್ನು ನಂಬಿದರೆ ಮಾತ್ರ ಪೆಟ್ಟು ಬೀಳುವ ಸಾಧ್ಯತೆ ಇದೆ.

ಬ್ರೇಕ್‌ನಿಂದಲೇ ಶುರು ಮಾಡೋಣ

ಈ ಭಯ ಸೈಕಲ್ ಕಾಲದಿಂದ ಬಂದಿರಬೇಕು ಎಂಬುದು ನಮ್ಮ ಊಹೆ. ಸೈಕಲ್ ಹಗುರ, ಸವಾರನ ಭಾರವೆಲ್ಲ ಮೇಲೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಗಕ್ಕನೆ ಹಿಡಿದರೆ ಹಿಂದಿನ ಚಕ್ರ ಎದ್ದು ಬಿಡುತ್ತದೆ. ಮೊಣಕೈ ತರಚಿಕೊಂಡ ಆ ನೆನಪು ಬೈಕ್‌ವರೆಗೂ ಬಂದಿದೆ. ಬೈಕ್ ಸೈಕಲ್‌ಗಿಂತ ಉದ್ದ, ಎಂಜಿನ್‌ನ ಭಾರ ಕೆಳಗೆ ಇರುತ್ತದೆ. ಹಾಗಾಗಿ ಅದು ಅಷ್ಟು ಸುಲಭವಾಗಿ ಮಗುಚುವುದಿಲ್ಲ.

ಬಸ್ ಡ್ರೈವರ್ ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಕ್ಕೆ ವಾಲುತ್ತೇವಲ್ಲ, ಬೈಕ್‌ನಲ್ಲೂ ಹಾಗೆಯೇ. ಬ್ರೇಕ್ ಹಾಕಿದೊಡನೆ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆ ಟೈರ್ ರಸ್ತೆಗೆ ಒತ್ತಿಕೊಂಡು ಹಿಡಿತ ಹೆಚ್ಚುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ. ಅಂಥ ಹೊತ್ತಿನಲ್ಲಿ ಹಿಂದಿನ ಬ್ರೇಕ್ ಒಂದನ್ನೇ ಜೋರಾಗಿ ತುಳಿದರೆ ಆ ಚಕ್ರ ತಿರುಗುವುದನ್ನು ನಿಲ್ಲಿಸಿ ಪಕ್ಕಕ್ಕೆ ಜಾರುತ್ತದೆ, ಗಾಡಿ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ಒಣ ರಸ್ತೆಯಲ್ಲಿ ಬೈಕನ್ನು ನಿಲ್ಲಿಸುವ ಬಲದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದೇ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 16 ಮೀಟರ್‌ಗಿಂತ ಹೆಚ್ಚು ದೂರ ಹೋಗಿರುತ್ತದೆ. ಅಡ್ಡ ಬಂದ ನಾಯಿಯನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರಬಹುದು. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ 30ರ ವೇಗಕ್ಕೆ ಹೋಲಿಸಿದರೆ ಸುಮಾರು ನಾಲ್ಕು ಪಟ್ಟು. ಅಲ್ಲಿ ಅರ್ಧ ಬ್ರೇಕ್ ಸಾಲದು.

ಹಿರಿಯರ ಎಚ್ಚರಿಕೆಯಲ್ಲಿ ಹುರುಳೇ ಇಲ್ಲ ಎಂದೇನಲ್ಲ. ಮರಳು, ಜಲ್ಲಿ, ಕೆಸರಿನ ಮೇಲೆ ಅಥವಾ ತಿರುವಿನಲ್ಲಿ ಗಾಡಿ ವಾಲಿರುವಾಗ ಮುಂದಿನ ಬ್ರೇಕ್ ಗಕ್ಕನೆ ಹಿಡಿದರೆ ಬೀಳುವುದು ಹೆಚ್ಚುಕಡಿಮೆ ಖಚಿತ. ಗಾಡಿ ನೇರವಾಗಿರುವಾಗ ಎರಡೂ ಬ್ರೇಕ್‌ಗಳನ್ನು ಒಟ್ಟಿಗೆ, ಮುಂದಿನದನ್ನು ಒಂದೇ ಏಟಿಗೆ ಹಿಡಿಯದೆ ಹಂತಹಂತವಾಗಿ ಒತ್ತಬೇಕು. ಇದನ್ನು ಖಾಲಿ ಮೈದಾನದಲ್ಲಿ ಕಲಿಯಬೇಕು.

ಭಾರತದಲ್ಲಿ 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯವಾಯಿತು. ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಪೂರ್ತಿ ಲಾಕ್ ಆಗದಂತೆ ಇದು ನೋಡಿಕೊಳ್ಳುತ್ತದೆ. 125 ಸಿಸಿವರೆಗಿನವಕ್ಕೆ ಕನಿಷ್ಠ ಸಿಬಿಎಸ್ ಇರಬೇಕು ಎಂದಾಯಿತು. ಸಿಬಿಎಸ್ ಇರುವ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಅಂದರೆ "ಮುಂದಿನದನ್ನು ಮುಟ್ಟಬೇಡ" ಎಂದು ಫಾರ್ವರ್ಡ್ ಮಾಡುವವರು ತಮಗೇ ಗೊತ್ತಿಲ್ಲದೆ ದಿನಾ ಅದನ್ನು ಬಳಸುತ್ತಿರಬಹುದು!

ಷೋರೂಂನಲ್ಲಿ ಎಬಿಎಸ್ ಸಿಂಗಲ್ ಚಾನೆಲ್ಲೋ ಡ್ಯುಯಲ್ಲೋ ಎಂದು ಕೇಳಿ. ಸಿಂಗಲ್ ಆದರೆ ಮುಂದಿನ ಚಕ್ರಕ್ಕೆ ಮಾತ್ರ.

ಭಾರದ ಗಾಡಿ ಸೇಫಾ?

ತೂಕ ಹೆಚ್ಚಿದರೆ ಟೈರ್ ರಸ್ತೆಯನ್ನು ಹೆಚ್ಚು ಒತ್ತುವುದು ನಿಜ. ಆದರೆ ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಒಂದಕ್ಕೊಂದು ವಜಾ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದಾಗ ಭಾರದ ಗಾಡಿ ಕಡಿಮೆ ಅಲುಗುತ್ತದೆ, ಆ ಲಾಭವನ್ನು ಒಪ್ಪೋಣ. ಹೊಸಬರು ಸಾಮಾನ್ಯವಾಗಿ ತಡಬಡಾಯಿಸುವುದು ಹೆದ್ದಾರಿಯಲ್ಲಲ್ಲ, ಸಿಗ್ನಲ್‌ನಲ್ಲಿ, ಯೂ-ಟರ್ನ್‌ನಲ್ಲಿ, ಏರಿನಲ್ಲಿ. ನಮ್ಮ ತಂಡದ ಒಬ್ಬರು ಮೊದಲ ವಾರ ಪೆಟ್ರೋಲ್ ಬಂಕ್‌ನಲ್ಲಿ ನಿಂತ ಗಾಡಿಯನ್ನೇ ಬೀಳಿಸಿ, ಎತ್ತಲು ಇಬ್ಬರನ್ನು ಕರೆಯಬೇಕಾಯಿತು.

ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ., ಸೀಟಿನ ಎತ್ತರ 785 ಮಿ.ಮೀ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕೆ.ಜಿ., ಸೀಟು 805 ಮಿ.ಮೀ. ಎತ್ತರದಲ್ಲಿ ವ್ಯತ್ಯಾಸ ಬರೀ ಎರಡು ಸೆಂಟಿಮೀಟರ್, ತೂಕದಲ್ಲಿ 83 ಕೆ.ಜಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡಷ್ಟೇ ಭಾರ, ಅದೂ ಯಾವಾಗಲೂ ಇಳಿಯದವರು. ದಿನಾ ಹಾಕುವ ಚಪ್ಪಲಿ ಅಥವಾ ಶೂನಲ್ಲೇ ಷೋರೂಂಗೆ ಹೋಗಿ, ಕೂತು, ಎರಡೂ ಕಾಲು ನೆಲಕ್ಕೆ ಊರುತ್ತವಾ ನೋಡಿ. ಕೂತಲ್ಲಿಂದಲೇ ಗಾಡಿಯನ್ನು ಹಿಂದಕ್ಕೆ ತಳ್ಳಿ. ಅಲ್ಲೇ ಗೊತ್ತಾಗುತ್ತದೆ.

ಸಿಸಿ ನೋಡಿ ಬೈಕಿನ ಸ್ವಭಾವ ಹೇಳಲೂ ಬರುವುದಿಲ್ಲ. ಕ್ಲಾಸಿಕ್ 350ಯ ಶಕ್ತಿ ಸುಮಾರು 20 ಬಿಎಚ್‌ಪಿ. ಕೆಟಿಎಂ 390 ಡ್ಯೂಕ್‌ನ ಹಳೆಯ ಎಂಜಿನ್ 373 ಸಿಸಿ, ಶಕ್ತಿ ಸುಮಾರು 43, ತೂಕವೂ ಕ್ಲಾಸಿಕ್‌ಗಿಂತ ಕಡಿಮೆ. ಇಂಥ ಗಾಡಿ ಹಠಾತ್ತನೆ ಜಿಗಿದರೆ ಹೊಸಬರ ಮೈ ಹಿಂದಕ್ಕೆ ಹೋಗುತ್ತದೆ, ಮೈ ಜೊತೆ ಮಣಿಕಟ್ಟೂ ಎಳೆದು ಆಕ್ಸಿಲರೇಟರ್ ಇನ್ನಷ್ಟು ತಿರುಗುತ್ತದೆ.

ಕಲಿಯಲು ಸೆಕೆಂಡ್ ಹ್ಯಾಂಡ್ ಸಾಕು ಎಂಬ ಸಲಹೆ ನಮಗೂ ಸರಿಯೆನಿಸುತ್ತದೆ, ಬಿದ್ದರೂ ಹೊಟ್ಟೆ ಉರಿಯುವುದಿಲ್ಲ. ಆದರೆ 2019ಕ್ಕಿಂತ ಹಳೆಯ 150 ಸಿಸಿ ಗಾಡಿಯಲ್ಲಿ ಎಬಿಎಸ್ ಇಲ್ಲದಿರಬಹುದು, ಕೇಳಿ ನೋಡಿ. ಗೇರ್ ಇಲ್ಲದ ಸ್ಕೂಟರ್‌ಗಷ್ಟೇ ಮಾಡಿಸಿದ ಲೈಸೆನ್ಸ್ ಗೇರ್ ಬೈಕ್‌ಗೆ ನಡೆಯುವುದಿಲ್ಲ. ಬಜೆಟ್ ಹಾಕುವಾಗ ಐಎಸ್‌ಐ ಗುರುತಿನ ಹೆಲ್ಮೆಟ್‌ಗೂ ದುಡ್ಡು ತೆಗೆದಿಡಿ, ಹಿಂದೆ ಕೂರುವವರದ್ದೂ ಸೇರಿಸಿ ಎರಡು.