ಆಂಡಲೂಸಿಯದ ನೀಲಿ ಕೋಳಿ

ಸ್ಪೇನ್ ದೇಶದ ಆಂಡಲೂಸಿಯ ಪ್ರಾಂತದ ಹೆಸರನ್ನು ಹೊತ್ತು, ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕುಕ್ಕುಟಪ್ರದರ್ಶನಗಳಲ್ಲಿ ಮನ್ನಣೆ ಪಡೆದ ನೀಲಿ ಕೋಳಿಯ ವೃತ್ತಾಂತವು, ಅನುವಂಶೀಯತೆಯನ್ನು ಅಭ್ಯಸಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಿಯತಕ್ಕುದೆಂದು ನನ್ನ ದೃಢವಾದ ಅಭಿಪ್ರಾಯ. ಅದರ ನೀಲಿ ಆಕಾಶದ್ದಲ್ಲ. ಬಳಪದ ಹಲಗೆಯ ಬೂದುನೀಲಿ, ಗರಿಯಂಚಿಗೆ ಕಪ್ಪಿನ ತೆಳುಗೆರೆ. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನೇ ಕೂಡಿಸಿದರೂ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ನೀಲಿಯಾಗಿ, ಉಳಿದವುಗಳಲ್ಲಿ ಕೆಲವು ಅಪ್ಪಟ ಕಪ್ಪಾಗಿಯೂ ಕೆಲವು ಅಲ್ಲಲ್ಲಿ ಬಣ್ಣ ಸಿಡಿದ ಬಿಳಿಯಾಗಿಯೂ ಹೊರಬರುತ್ತಿದ್ದುವು. ಸಾಕುವವರು ಇದನ್ನು ತಳಿಯ ಕಲ್ಮಷವೆಂದು ಬಗೆದು, ಕಪ್ಪನ್ನೂ ಬಿಳಿಯನ್ನೂ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕುತ್ತ ಬಂದರೂ, ಪ್ರತಿ ಕಾವಿನಲ್ಲಿಯೂ ಅವು ಮರಳಿ ಹುಟ್ಟಿದುವು.

1900ರಲ್ಲಿ ಮೆಂಡೆಲನ ನಿಯಮಗಳು ಮತ್ತೆ ಬೆಳಕಿಗೆ ಬಂದ ತರುವಾಯ, ಕೇಂಬ್ರಿಜ್ಜಿನ ಬೇಟ್ಸನ್ನನೂ ಅವನ ಸಹೋದ್ಯೋಗಿ ಪನ್ನೆಟ್ಟನೂ ಈ ಒಗಟನ್ನು ಬಿಡಿಸಿದರು. ಒಂದು ಪಾಲು ಕಪ್ಪು, ಎರಡು ಪಾಲು ನೀಲಿ, ಒಂದು ಪಾಲು ಬಿಳಿ ಎಂಬ ಆ ಲೆಕ್ಕದಲ್ಲಿ ನೀಲಿಯೇ ಮಿಶ್ರಸಂತಾನ. ಯಾವುದನ್ನು ಕಲ್ಮಷವೆಂದು ಕಳೆದರೋ ಆ ಕಪ್ಪು, ಆ ಬಿಳಿ, ಅವೇ ಶುದ್ಧ. ತಿರಸ್ಕೃತವಾದ ಆ ಎರಡನ್ನೂ ಜೊತೆಮಾಡಿದ್ದರೆ ಒಂದೂ ತಪ್ಪದೆ ಮರಿಗಳೆಲ್ಲವೂ ನೀಲಿಯಾಗುತ್ತಿದ್ದುವು!

ಇದನ್ನು ಸಹಪ್ರಾಬಲ್ಯವೆಂದು ಕರೆಯುವವರುಂಟಾದರೂ, ಅಪೂರ್ಣ ಪ್ರಾಬಲ್ಯವೆನ್ನುವುದೇ ಹೆಚ್ಚು ಸರಿ; ಏಕೆಂದರೆ ನೀಲಿ ಗರಿಯಲ್ಲಿ ನೀಲವರ್ಣದ್ರವ್ಯವೆಂಬುದೇ ಇಲ್ಲ, ಇರುವುದು ವಿರಳವಾಗಿ ಚದುರಿದ ಕಪ್ಪು ಕಣಗಳು ಮಾತ್ರ. ಸಹಪ್ರಾಬಲ್ಯದಲ್ಲಿ ಎರಡು ಗುಣಗಳೂ ತಮ್ಮ ತಮ್ಮ ರೂಪದಲ್ಲಿಯೇ ಮೆರೆಯುತ್ತವೆ: ಪಠ್ಯಗಳು ಉದಾಹರಿಸುವ ಅರ್ಮಿನೆಟ್ ಕೋಳಿಯ ಮೈಮೇಲೆ ಬಿಳಿಯ ಗರಿ ಬಿಳಿಯಾಗಿಯೇ, ಕಪ್ಪು ಗರಿ ಕಪ್ಪಾಗಿಯೇ ಕಾಣಿಸಿಕೊಳ್ಳುವಂತೆ.

ನಮ್ಮ ಪದವಿಪೂರ್ವ ತರಗತಿಗಳಲ್ಲಿ ಅಪೂರ್ಣ ಪ್ರಾಬಲ್ಯಕ್ಕೆ ಸ್ನ್ಯಾಪ್‌ಡ್ರ್ಯಾಗನ್ ಹೂವನ್ನೂ, ಸಹಪ್ರಾಬಲ್ಯಕ್ಕೆ ಎಬಿ ರಕ್ತದ ಗುಂಪನ್ನೂ ಉದಾಹರಿಸುತ್ತಾರೆ. ಅವು ದೋಷವಿಲ್ಲದ ನಿದರ್ಶನಗಳೇ ಸರಿ. ಆದರೆ ಹೂವನ್ನು ಕಂಡರಿಯದ ಹಳ್ಳಿಯ ಹುಡುಗ ಅನುಪಾತವನ್ನು ಬಾಯಿಪಾಠ ಮಾಡುತ್ತಾನೆಯೇ ಹೊರತು, ಕಣ್ಣು ಮೆಚ್ಚಿದ್ದನ್ನು ಶುದ್ಧವೆಂದೂ ಮೆಚ್ಚದ್ದನ್ನು ಹೊಲಸೆಂದೂ ನಂಬಿದ ಅನುಭವಸ್ಥರ ನಿರ್ಣಯವನ್ನು ಮರಿಗಳ ಎಣಿಕೆಯೊಂದು ತಲೆಕೆಳಗು ಮಾಡಿದ ಬಗೆಯನ್ನು ಅವನಿಗೆ ಯಾರೂ ಹೇಳುವುದಿಲ್ಲ. ಸೂತ್ರಕ್ಕಿಂತ ಮುಂಚೆ ಆ ಸಾಕಣೆದಾರರ ಸಂಕಟವನ್ನು ತರಗತಿಯ ಮುಂದಿಟ್ಟು, ಕಳೆದುಹಾಕಿದ ಆ ಕಪ್ಪು ಬಿಳಿಗಳನ್ನು ಜೊತೆಮಾಡಿದರೆ ಫಲವೇನೆಂದು ಮಕ್ಕಳನ್ನೇ ಕೇಳುವ ಪಾಠವೊಂದನ್ನು ನಮ್ಮ ಪಠ್ಯರಚನಕಾರರು ಬರೆಯಬೇಕು.