ಮೇಸ್ತ್ರಿಯ ಬಾಕಿ, ಬಚ್ಚಲಿನ ವೈಪರ್

ಗೃಹಪ್ರವೇಶದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೊಸ ಮನೆಯನ್ನು ಒಂದು ಸುತ್ತು ಹಾಕುವ ನೆಂಟರು ಒಂದು ಮಾತನ್ನು ಹೇಳಿಯೇ ಹೇಳುತ್ತಾರೆ: 'ಈಗಿನವರಿಗೆ ಎಲ್ಲಿ ಬರುತ್ತೆ ರೀ ಕೆಲಸ?' ಸಾಮಾನ್ಯವಾಗಿ ಈ ಮಾತು ಹುಟ್ಟುವುದು ಬಚ್ಚಲುಮನೆಯ ಬಾಗಿಲಲ್ಲಿ. ಅಲ್ಲಿ ಟೈಲ್ಸ್ ಇರುತ್ತವೆ, ಟೈಲ್ಸ್ ನಡುವೆ ಗೆರೆಗಳಿರುತ್ತವೆ. ಗೆರೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಹೇಳುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲವಲ್ಲ! ನನ್ನ ತಕರಾರು ಇರುವುದು ಈ ಅಳತೆಯ ಬಗ್ಗೆಯೇ. ಬಚ್ಚಲ ಕೆಲಸವನ್ನು ನಾವು ತಪ್ಪು ಕಡೆಯಿಂದ ನೋಡುತ್ತೇವೆ. ಹಾಗೆ ನೋಡಿದ್ದರ ಮೇಲೆ ಒಬ್ಬನ ಕೂಲಿಯನ್ನೂ ಹಿಡಿದುಬಿಡುತ್ತೇವೆ.

ಬಚ್ಚಲ ನೆಲದ ಮೊದಲ ಕೆಲಸ ನೀರನ್ನು ಹೊರಗೆ ಕಳಿಸುವುದು. ಆ ಇಳಿಜಾರಿಗೆ ಮೇಸ್ತ್ರಿಗಳು 'ವಾಟ' ಎನ್ನುತ್ತಾರೆ. ಆಚೆ ಗೋಡೆಯಿಂದ ನೀರು ಹೋಗುವ ಜಾಲರಿಗೆ ಐದಡಿ ದೂರವಿದ್ದರೆ ನೆಲ ಸುಮಾರು ಮುಕ್ಕಾಲು ಇಂಚು ಇಳಿದಿರಬೇಕು. ಈ ಮುಕ್ಕಾಲು ಇಂಚು ಬಾಗಿಲಲ್ಲಿ ನಿಂತವರಿಗೆ ಕಾಣುವುದಿಲ್ಲ, ಒಂದು ಬಕೆಟ್ ನೀರು ಸುರಿದರೆ ಕಾಣುತ್ತದೆ. ಹಳೆಯ ಮನೆಗಳ ಬಚ್ಚಲಲ್ಲಿ ಚಪ್ಪಡಿಕಲ್ಲು ಒರಟಾಗಿತ್ತು, ಸಂದುಗಳು ಸೊಟ್ಟಗಿದ್ದವು, ಆದರೆ ಹಂಡೆಯ ಪಕ್ಕ ಸುರಿದ ನೀರು ಯಾರನ್ನೂ ಕೇಳದೆ ಹಿತ್ತಲಿನ ಬಾಳೆಬುಡ ಸೇರುತ್ತಿತ್ತು. ಈಗ ಮೂಲೆಯಲ್ಲೊಂದು ವೈಪರ್ ಒರಗಿರುತ್ತದೆ. ಸ್ನಾನವಾದ ಮೇಲೆ ಪ್ರತಿದಿನ ನೀರನ್ನು ಜಾಲರಿಯವರೆಗೆ ಎಳೆಯಲೇಬೇಕು ಎಂದರೆ ಆ ನೆಲ ತನ್ನ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಎಳೆಯುವವರು ಯಾರು ಎಂಬುದನ್ನೂ ಗಮನಿಸಿ. ಗೆರೆ ನೋಡಿ ತೀರ್ಪು ಕೊಟ್ಟ ಮಾವಂದಿರಲ್ಲ.

ವಾಟ ಬಹಳ ಸಲ ತಪ್ಪುವುದು ಮೇಸ್ತ್ರಿ ಕರಣೆ ಹಿಡಿಯುವ ಮೊದಲೇ, ಟೈಲ್ಸ್ ಶೋರೂಮಿನಲ್ಲಿ. 'ಜಾಯಿಂಟ್ ಕಮ್ಮಿ ಕಾಣಬೇಕು' ಎಂದು ಪುಟ್ಟ ಬಚ್ಚಲಿಗೂ ಎರಡಡಿ ಚದರದ ಹೊಳೆಯುವ ಟೈಲ್ಸ್ ಆರಿಸುತ್ತೇವೆ. ಜಾಲರಿ ನೆಲದ ನಡುವೆ ಇದ್ದರೆ ನಾಲ್ಕೂ ಕಡೆಯಿಂದ ಇಳಿಜಾರು ಬೇಕು. ಟೈಲ್ ಚಪ್ಪಟೆ; ಅದು ಒಂದು ದಿಕ್ಕಿಗೆ ವಾಲಬಲ್ಲದೇ ಹೊರತು ತಟ್ಟೆಯ ಹಾಗೆ ತಗ್ಗಾಗಲಾರದು. ಹಾಗಾಗಿ ಅದನ್ನು ಮೂಲೆಯಿಂದ ಮೂಲೆಗೆ ಕೊಯ್ದು ಕೂರಿಸಬೇಕು, ಇಲ್ಲವೇ ಒಂದಡಿಯ ಸಣ್ಣ ಟೈಲ್ಸ್ ತರಬೇಕು, ಅದೂ ಬೇಡವೆಂದರೆ ಗೋಡೆಯುದ್ದಕ್ಕೂ ಉದ್ದನೆಯ ಜಾಲರಿ ಇಟ್ಟು ನೆಲವನ್ನೆಲ್ಲ ಒಂದೇ ಕಡೆಗೆ ಇಳಿಸಬೇಕು. ಕೊಯ್ದರೆ ಡಿಸೈನ್ ಹಾಳು, ಸಣ್ಣ ಟೈಲ್ಸ್ ಅಂದರೆ ಹಳೇ ಕಾಲದ್ದು, ಉದ್ದ ಜಾಲರಿಗೆ ದುಡ್ಡು ಜಾಸ್ತಿ. ಉಳಿದದ್ದು ಏನು? ಮಟ್ಟಸವಾಗಿ ಕೂರಿಸು, ನೀರೂ ಹೋಗಲಿ ಎಂಬ ಆಜ್ಞೆ.

ಹಾಸನದ ನಮ್ಮ ಮನೆಯಲ್ಲಿ ನಡೆದದ್ದು ಇದೇ. ಅಕ್ಕನ ಮದುವೆಗೆ ಮೊದಲು ಬಚ್ಚಲನ್ನು ಹೊಸದು ಮಾಡಿಸಿದರು. ಕೆಲಸ ಮುಗಿದ ದಿನ ಸೋದರಮಾವ ಫೋನಿನ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಅಂಚುಗಳ ನೆರಳು ಹುಡುಕಿದರು. ಹಾಗೆ ಬೆಳಕು ಹಿಡಿದರೆ ತಾಜ್ ಮಹಲೂ ಪಾಸಾಗಲಿಕ್ಕಿಲ್ಲ. ಎರಡು ಕಡೆ ಅಂಚು ಕೂದಲೆಳೆಯಷ್ಟು ಎದ್ದಿತ್ತು. ಆಮೇಲೆ ನೆಲಕ್ಕೆ ನೀರು ಹಾಕಿದರೆ ಮೂಲೆಯಲ್ಲಿ ನಿಂತಿತು. ಎರಡೂ ಸೇರಿ 7,000 ರೂಪಾಯಿ ಹಿಡಿದರು. 'ನಾನ್ ಆವತ್ತೇ ಹೇಳ್ಲಿಲ್ವಾ ಯಜಮಾನ್ರೇ, ಎರಡಡೀದು ಬಚ್ಚಲ್ಗೆ ಬ್ಯಾಡ, ಒಂದಡೀದು ತನ್ನಿ ಅಂತ?' ಎಂದರು ಮೇಸ್ತ್ರಿ. ಅವರು ಹೇಳಿದ್ದು ಹೌದು, ನಾನೇ ಕೇಳಿಸಿಕೊಂಡಿದ್ದೆ, ಅಪ್ಪನಿಗೂ ನೆನಪಿತ್ತು. ಮಾವ ಮಾತ್ರ 'ಅದೆಲ್ಲ ಅಡ್ಜಸ್ಟ್ ಮಾಡ್ಬೇಕಪ್ಪ, ಕೆಲಸ ಬರೋನು' ಎಂದರು. ಶನಿವಾರದ ಬಟವಾಡೆಗೆ ಇಬ್ಬರು ಹುಡುಗರನ್ನು ಹಿಂದೆ ನಿಲ್ಲಿಸಿಕೊಂಡಿದ್ದ ಮನುಷ್ಯ ಅಡ್ಜಸ್ಟ್ ಮಾಡಬೇಕಾಗಿ ಬಂದದ್ದು ಟೈಲ್ಸನ್ನಲ್ಲ.

ಆ ಟಾರ್ಚಿಗೆ ಕಾಣದೆ ಹೋದ ಇನ್ನೊಂದು ಸಂಗತಿಯಿದೆ. ಹೊಳಪಿನ ನೆಲದ ಮೇಲೆ ಎಪ್ಪತ್ತೆಂಟು ವರ್ಷದ ಅಜ್ಜಿ ಒದ್ದೆ ಕಾಲಿಟ್ಟರೆ ಏನಾಗುತ್ತದೆ ಎಂದು ಯಾರೂ ನೋಡಲಿಲ್ಲ. ಒರಟು ಮೈಯ ಮ್ಯಾಟ್ ಟೈಲ್ಸ್ ಅದೇ ಅಂಗಡಿಯಲ್ಲಿ, ಪಕ್ಕದ ರ‍್ಯಾಕಿನಲ್ಲೇ ಇದ್ದವು.

ಹಾಗಾದರೆ ಮೇಸ್ತ್ರಿಗಳು ಕಳಪೆ ಕೆಲಸ ಮಾಡುವುದೇ ಇಲ್ಲವೇ? ಮಾಡುತ್ತಾರೆ. ಟೈಲ್ ಬೆನ್ನಿಗೆ ನಾಲ್ಕು ಮೂಲೆ, ನಡುವೆ ಒಂದು ಎಂದು ಐದು ಉಂಡೆ ಮೆತ್ತಿ ಗೋಡೆಗೆ ಒತ್ತುವವರಿದ್ದಾರೆ. ಉಂಡೆಗಳ ನಡುವಿನ ಜಾಗ ಟೊಳ್ಳು. ಮೊಳೆ ಹೊಡೆದರೆ, ಬಕೆಟ್ ತಗುಲಿದರೆ ಅಲ್ಲೇ ಸೀಳುತ್ತದೆ. ಇದನ್ನು ಪತ್ತೆ ಮಾಡಬೇಕಾದರೆ ಕೆಲಸ ನಡೆಯುವಾಗ ಅಲ್ಲಿರಬೇಕು. ಈಗಷ್ಟೇ ಕೂರಿಸಿದ ಒಂದು ಟೈಲನ್ನು ಕೀಳಿಸಿ ಬೆನ್ನು ನೋಡಿ: ಅಂಟು ಪೂರ್ತಿ ಹರಡಿದೆಯೇ, ಉಂಡೆಯಾಗಿಯೇ ಉಳಿದಿದೆಯೇ? ಕೆಲಸ ಬಲ್ಲ ಮೇಸ್ತ್ರಿ ಇದಕ್ಕೆ ಬೇಸರಿಸುವುದಿಲ್ಲ. ಆದರೆ ಅಂಟು ತಂದುಕೊಟ್ಟಿದ್ದೀರಾ? ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ; ಸಾದಾ ಸಿಮೆಂಟ್ ತಿಳಿ ಕಚ್ಚಿಕೊಳ್ಳಲು ಅದರ ಬೆನ್ನಲ್ಲಿ ರಂಧ್ರಗಳೇ ಇಲ್ಲವೆನ್ನಬಹುದು. 'ಮನೇಲೇ ಸಿಮೆಂಟ್ ಉಳಿದಿದೆಯಲ್ಲ, ಅಂಟು ಯಾಕೆ?' ಎಂದವರು, ವರ್ಷದ ಮೇಲೆ ಟೈಲ್ ಎದ್ದಾಗ ಬೈಯುವುದು ಯಾರನ್ನು?

ಮುಗಿದ ಮೇಲೆ ಪರೀಕ್ಷಿಸುವವರು ನಾಣ್ಯದಿಂದ ತಟ್ಟುತ್ತಾರೆ. ಒಳ್ಳೆಯದೇ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಒಂದು ಮೂಲೆಯಲ್ಲಿ ಸ್ವಲ್ಪ ಟೊಳ್ಳಿದ್ದರೆ ಪ್ರಳಯವೇನೂ ಆಗದು. ಅರ್ಧಕ್ಕರ್ಧ ಟೊಳ್ಳಿದ್ದರೆ ಅಥವಾ ಒತ್ತಿದಾಗ ಅಲುಗಿದರೆ ಆ ಟೈಲನ್ನು ಕಿತ್ತು, ಹಿಂದಿನ ಗಾರೆ ಕೆರೆದು, ಅಂಟು ಹಾಕಿ ಮತ್ತೆ ಕೂರಿಸಬೇಕು. ಇದಕ್ಕೆಂದೇ ಅದೇ ಲಾಟಿನ ಒಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟುಕೊಂಡಿರಬೇಕು.

ನನಗೆ ಹೆಚ್ಚು ಸಿಟ್ಟು ಬರುವುದು ಬಿಳಿ ಸಿಮೆಂಟಿನ ವೈದ್ಯದ ಮೇಲೆ. ಕೆಳಗಿನ ಮನೆಯ ತಾರಸಿಯಲ್ಲಿ ಕಲೆ ಕಾಣಿಸಿತು ಎಂದ ಕೂಡಲೇ ಮೇಲಿನ ಬಚ್ಚಲ ಸಂದುಗಳಿಗೆ ಬಿಳಿ ಸಿಮೆಂಟ್ ಸವರುತ್ತಾರೆ. ಟೈಲ್ಸ್ ಆಗಲಿ, ಸಂದಿನ ಸಿಮೆಂಟ್ ಆಗಲಿ ನೀರು ತಡೆಯುವ ಪದರವಲ್ಲ. ಆ ಪದರ ಅವುಗಳ ಕೆಳಗಿರಬೇಕು, ಗೋಡೆಯ ಬುಡಕ್ಕೂ ಒಂದಡಿ ಹತ್ತಬೇಕು, ಟೈಲ್ಸ್ ಹಾಕುವ ಮೊದಲೇ ಜಾಲರಿ ಮುಚ್ಚಿ, ಒಂದು ದಿನವಾದರೂ ನೀರು ನಿಲ್ಲಿಸಿ ನೋಡಿರಬೇಕು. ಆ ಒಂದು ದಿನವನ್ನು ನಾವು ಕೊಡುವುದಿಲ್ಲ. ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟು, 'ಮುಹೂರ್ತಕ್ಕೆ ನಾಲ್ಕೇ ದಿನ' ಎಂದು ಬೆನ್ನು ಹತ್ತುತ್ತೇವೆ. ಚದರಡಿ ಲೆಕ್ಕದಲ್ಲಿ ದುಡಿಯುವವನಿಗೆ ನೀರು ನಿಲ್ಲಿಸಿ ಕಾಯುವ ದಿನ ಸಂಬಳವಿಲ್ಲದ ದಿನ. ಸೋರುವ ಬಚ್ಚಲಿನ ಕಾರಣ ಆ ದರದ ಚೀಟಿಯಲ್ಲೇ ಬರೆದಿರುತ್ತದೆ.

ಇಷ್ಟಾಗಿ, ಸೋರಿಕೆ ನೆಲದ್ದೇ ಎಂದೂ ಮೊದಲೇ ತೀರ್ಮಾನಿಸಬೇಡಿ. ಜಾಲರಿ ಮುಚ್ಚಿ ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ, ಕೆಳಗಿನ ಕಲೆ ಹೆಚ್ಚಾಗುವುದೇ ನೋಡಿ. ಆಗದಿದ್ದರೆ ಗೋಡೆಯೊಳಗಿನ ಪೈಪನ್ನು ಶಂಕಿಸಿ. ಸಂದಿನ ಪುಡಿ ಉದುರುತ್ತಿದ್ದರೆ ಮೇಲೆ ಸವರಬೇಡಿ; ಹಳೆಯದನ್ನು ಆಳಕ್ಕೆ ಕೆರೆದು ತೆಗೆದು ಎಪಾಕ್ಸಿ ತುಂಬಿಸಿ. ಗೋಡೆ ನೆಲ ಕೂಡುವ ಮೂಲೆಗೆ ಸಿಲಿಕಾನ್ ಬೇಕು, ಅಲ್ಲಿ ಸಿಮೆಂಟ್ ಬಿರಿಯುತ್ತದೆ. ತಪ್ಪಿದ ವಾಟಕ್ಕೆ ಮಾತ್ರ ಇಂಥ ಯಾವ ಔಷಧಿಯೂ ಇಲ್ಲ. ಒಡೆಯಬೇಕು.

ಪಿಎಚ್.ಡಿ. ಮಾಡುವ ನಮ್ಮಂಥವರಿಗೆ ಈ ಗೆರೆ ನೋಡುವ ಪರಂಪರೆ ಹೊಸದೇನಲ್ಲ. ಅಡಿಟಿಪ್ಪಣಿಯ ಅಲ್ಪವಿರಾಮಗಳನ್ನು ಎಣಿಸಿ ಅಧ್ಯಾಯ ವಾಪಸ್ಸು ಕಳಿಸುತ್ತಾರೆ, ಅದರ ವಾದ ಎತ್ತ ಹರಿಯುತ್ತದೆ ಎಂದು ಕೇಳುವವರು ಕಡಿಮೆ. ಆದರೆ ಅಲ್ಲಿ ನಮ್ಮ ಫೆಲೋಶಿಪ್ ನಿಲ್ಲಬಹುದು, ಮೂವರ ಶನಿವಾರದ ಊಟ ನಿಲ್ಲುವುದಿಲ್ಲ.

ಒಡೆಯುವ ಖರ್ಚು ಯಾರದು ಎಂಬುದೇ ಈಗ ನಮ್ಮ ಮನೆಯ ಜಗಳ. ಉಂಡೆ ಮೆತ್ತಿದ್ದರೆ ಮೇಸ್ತ್ರಿಯದು, ಒಪ್ಪುತ್ತೇನೆ. ಬೇಡವೆಂದ ಟೈಲ್ಸನ್ನು ಹಟ ಹಿಡಿದು ತಂದದ್ದಕ್ಕೆ ವಾಟ ತಪ್ಪಿದ್ದರೆ ತಂದವರದು. ಹಾಗಾಗಿ ಮೊದಲು ಆ 7,000 ರೂಪಾಯಿ ಮೇಸ್ತ್ರಿಗೆ ಹೋಗಬೇಕು, ಆಮೇಲೆ ಒಂದಡಿಯ ಮ್ಯಾಟ್ ಟೈಲ್ಸ್ ತಂದು ಅವರನ್ನೇ ಕರೆಯಬೇಕು ಎಂದು ಅಪ್ಪನಿಗೆ ಹೇಳಿದ್ದೇನೆ. ಅಮ್ಮ ನನ್ನ ಪಕ್ಷ. ಅಪ್ಪ ಮಾವನನ್ನು ಒಂದು ಮಾತು ಕೇಳಿ ಹೇಳುತ್ತಾರಂತೆ.