ಅಪ್ಪನ ಮೌನಕ್ಕೂ ಕಿವಿಗೊಡಿ

ಗೆಳತಿಯರೇ, ಮಧ್ಯಾಹ್ನ ಕೆಲಸ ಮುಗಿಸಿ ಟಿ.ವಿ. ಹಚ್ಚಿದಾಗ ಹಳೆಯ ಸಿನಿಮಾದಲ್ಲಿ ಕೆ.ಎಸ್. ಅಶ್ವಥ್ ಕಂಡರೆ ಚಾನೆಲ್ ಬದಲಿಸಲು ಮನಸ್ಸು ಬರುವುದಿಲ್ಲ, ಹೌದಲ್ಲ? 1955ರ 'ಸ್ತ್ರೀರತ್ನ'ದಿಂದ ಚಿತ್ರರಂಗಕ್ಕೆ ಬಂದ ಅವರು 2010ರ ಜನವರಿ 18ರಂದು ತೀರಿಕೊಂಡರು. ಆದರೆ ಹೆಗಲ ಮೇಲೆ ಪಂಚೆ, ಗಂಟಲಲ್ಲಿ ಸಂಕಟ ಹೊತ್ತ ಆ ಅಪ್ಪ ಇನ್ನೂ ನಮ್ಮ ಮನೆಯವರೇ.

ಅವರು ಮಾಡಿದ ಅಪ್ಪಂದಿರು ಒಳ್ಳೆಯವರು. ಆದರೂ ಅವರ ಕೈಯಲ್ಲೇ ಮಕ್ಕಳ ಬದುಕು ಜಾರುತ್ತದೆ. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967) ನೆನಪಿಸಿಕೊಳ್ಳಿ. ತ್ರಿವೇಣಿಯವರ ಕಾದಂಬರಿಯ ಕಥೆ ಅದು. ಒಬ್ಬಳೇ ಮಗಳೆಂದು ಅಪ್ಪ ಓದಿದ ಹುಡುಗನನ್ನು ಗೊತ್ತು ಮಾಡುತ್ತಾನೆ. ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದಾಗ ಹುಡುಗ ಹಿಂದೆ ಸರಿಯುತ್ತಾನೆ. ಆಸ್ತಿ ನೋಡಿ ಬಂದವನು ಆಸ್ತಿ ಹೋದರೆ ಹೋಗುತ್ತಾನೆ. ವರದಕ್ಷಿಣೆಯ ಮಾತು ನಡೆಯುವ ನಮ್ಮ ಎಷ್ಟೋ ಮನೆಗಳಿಗೆ ಇಷ್ಟು ಪಾಠ ಸಾಲದೇ?

'ನಾಗರಹಾವು' (1972) ಚಿತ್ರದ ಚಾಮಯ್ಯ ಮೇಷ್ಟ್ರಿಗೆ ಸ್ವಂತ ಮಕ್ಕಳಿಲ್ಲ, ರಾಮಾಚಾರಿಯೇ ಮಗ. ಆದರೆ ಸಮಾಜಕ್ಕೆ ಅಂಜಿ, ಅವನು ಮೆಚ್ಚಿದ ಹುಡುಗಿಯನ್ನು ಬಿಟ್ಟುಕೊಡಲು ಒಪ್ಪಿಸುತ್ತಾರೆ. ಮುಂದೆ ಅವಳ ಬದುಕು ಹಾಳಾದದ್ದನ್ನು ಶಿಷ್ಯ ಕಣ್ಣಾರೆ ಕಾಣುತ್ತಾನೆ. ಮೇಷ್ಟ್ರ ಪ್ರೀತಿ ಸುಳ್ಳಲ್ಲ. 'ನಿನಗೇನು ಬೇಕು?' ಎಂದು ಕೇಳುವುದೊಂದು ಉಳಿದುಹೋಯಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಮನೆಗಳಲ್ಲೂ ಇಂಥ ಅಪ್ಪಂದಿರಿದ್ದಾರೆ. ತೊಗರಿಗೆ ರೇಟು ಬರಲಿಲ್ಲ, ನಿಂಬೆತೋಟಕ್ಕೆ ಹಾಕಿಸಿದ ಬೋರ್‌ವೆಲ್‌ಗೆ ನೀರು ಬೀಳಲಿಲ್ಲ, ಮಗಳ ಮದುವೆಯ ಸಾಲ ತೀರಲಿಲ್ಲ. ಸಂಜೆ ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಾರೆ. ಮಕ್ಕಳು 'ಅಪ್ಪ ಸಿಟ್ಟಿನವ' ಅಂತ ದೂರ ಇರುತ್ತವೆ. ನಡುವೆ ನಾವು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸುತ್ತೇವೆ. ಕಹಿಯಾದದ್ದನ್ನು 'ಅವರಿಗ್ಯಾಕ ಹೇಳೋದು, ಸುಮ್ಮನ ಚಿಂತಿ ಮಾಡ್ತಾರ' ಎಂದು ಮುಚ್ಚಿಡುತ್ತೇವೆ. ಮನೆ ಶಾಂತವಾಗಿರಲಿ ಎಂದೇ ಹಾಗೆ ಮಾಡಿದರೂ, ಅಪ್ಪ-ಮಕ್ಕಳು ನೇರ ಮಾತಾಡುವುದನ್ನು ಕಲಿಯುವುದೇ ಇಲ್ಲ.

ಸ್ವಲ್ಪ ಹಿಂದೆ ಸರಿಯಿರಿ. ಮಗಳ ವರ ನೋಡುವ ಮುನ್ನ ಅಪ್ಪನೇ ಅವಳನ್ನು ಕೇಳಲಿ. ಮಗನ ಓದಿನ ಖರ್ಚು ಎಲ್ಲಿಂದ ಬರುತ್ತದೆಂದು ಮಗನಿಗೂ ಗೊತ್ತಿರಲಿ. ಸಾಲದ ಲೆಕ್ಕ ಗಂಡ-ಹೆಂಡತಿ ಇಬ್ಬರೂ ಕೂತು ಬರೆಯಿರಿ. ಅಪ್ಪ ಊಟ ಬಿಟ್ಟು, ನಿದ್ದೆಗೆಟ್ಟು, 'ನಾ ಇದ್ದು ಏನ ಉಪಯೋಗ' ಎಂದರೆ ಅದನ್ನು ಸಿಟ್ಟಿನ ಮಾತೆಂದು ತಳ್ಳಬೇಡಿ. ಅವರನ್ನು ಒಬ್ಬರೇ ಬಿಡದೆ, ತಡಮಾಡದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಈ ಭಾನುವಾರ ಮನೆಮಂದಿಯೆಲ್ಲ ಕೂತು ಅಶ್ವಥ್ ಅವರ ಒಂದು ಸಿನಿಮಾ ನೋಡಿ. ಮುಗಿದ ಮೇಲೆ ಟಿ.ವಿ. ಆರಿಸಿ, ಚಹಾ ಕೊಟ್ಟು, ಅಪ್ಪ-ಮಕ್ಕಳನ್ನು ಮಾತಾಡಲು ಬಿಡಿ.